ಜ್ವರ ಬಾರದ ಮೇಸ್ತ್ರಿ

"ಕೊಲೆ ಆಗಿದೆ ಪದರಕ್ಕ," ಎಂದರು ಗೂಬೆ ಡಾಕ್ಟರು, ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ. "ಒಂದಲ್ಲ ಎರಡಲ್ಲ, ಕೋಟಿಗಟ್ಟಲೆ. ಹೆಣ ಮಾತ್ರ ಒಂದೂ ಕಾಣ್ತಿಲ್ಲ."

ಪದರಕ್ಕ ಕೈಯಲ್ಲಿದ್ದ ಕೆಲಸ ನಿಲ್ಲಿಸಿದಳು. ಮೇಣದಲ್ಲಿ ಹುದುಗಿಸಿದ ಮಾಂಸದ ಚೂರುಗಳನ್ನು ಈರುಳ್ಳಿಯ ಒಳಸಿಪ್ಪೆಗಿಂತ ತೆಳುವಾಗಿ ಸೀಳಿ ಗಾಜಿನ ಮೇಲೆ ಹರಡುವುದು ಅವಳ ಉದ್ಯೋಗ. ಆ ಹೆಸರು ಅಂಟಿಕೊಂಡದ್ದೂ ಅದರಿಂದಲೇ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಶವಾಗಾರಕ್ಕೂ ಮುರಿದ ಮಂಚಗಳ ಉಗ್ರಾಣಕ್ಕೂ ನಡುವೆ, ಅವರಿಬ್ಬರ ಪ್ರಯೋಗಾಲಯವಿತ್ತು. ಹಗಲಲ್ಲೂ ಪರದೆ ಎಳೆದುಕೊಂಡು ಗಾಜು ನೋಡುತ್ತ ಕೂರುವ ಡಾಕ್ಟರಿಗೆ ಮೇಲಿನ ಮಹಡಿಗಳವರು ಗೂಬೆ ಎಂದು ಹೆಸರಿಟ್ಟಿದ್ದರು. ಅವರಿಗೆ ಅದರಿಂದ ಬೇಸರವಿರಲಿಲ್ಲ. ಗೂಬೆ ಕೂಗಿದರೆ ಸಾವು ಬರುತ್ತದಂತೆ, ನಾನಾದರೋ ಸಾವು ಬಂದು ಹೋದ ಮೇಲೆ ಕೂಗುವವನು ಎಂದು ನಗುತ್ತಿದ್ದರು. ಅದಲುಬದಲಾದ ಪಿತ್ತಕೋಶ, ಎರಡು ಸಲ ಸತ್ತ ಗಡಿಯಾರದಂಗಡಿಯವನು, ಇಂಥ ಎಷ್ಟೋ ಗಂಟುಗಳನ್ನು ಅವರು ಅದೇ ಕುರ್ಚಿಯಲ್ಲಿ ಕೂತು ಬಿಡಿಸಿದ್ದನ್ನು ಪದರಕ್ಕ ಕಣ್ಣಾರೆ ಕಂಡಿದ್ದಳು.

ಅವಳು ಬಂದು ಸೂಕ್ಷ್ಮದರ್ಶಕದ ಎರಡನೆಯ ಕೊಳವೆಗೆ ಕಣ್ಣು ಹಚ್ಚಿದಳು. ಗುಲಾಬಿ ಬಯಲು, ನೇರಳೆ ಚುಕ್ಕೆಗಳು. ಒಬ್ಬ ಮನುಷ್ಯನ ಮೂತ್ರಕೋಶದ ಒಳಗೋಡೆ ಅದು. ಅಲ್ಲಲ್ಲಿ ಕಾವಲು ಕಣಗಳು ಸುತ್ತು ಕಟ್ಟಿ ಕೂತಿದ್ದವು, ಸಾವಿನ ಮನೆಯಲ್ಲಿ ನೆಂಟರು ಕೂತ ಹಾಗೆ. ಆದರೆ ನಡುವಿನ ಜಾಗ ಖಾಲಿ. ಯಾರಿಗಾಗಿ ಕೂತಿದ್ದೇವೆ ಎಂಬುದನ್ನೇ ಮರೆತವರಂತೆ ಅವು ಕೂತೇ ಇದ್ದವು. ಮಾಂಸಕ್ಕೆ ಎಂದೂ ಹೆದರದ ಪದರಕ್ಕ ಆ ಖಾಲಿ ನಡುವನ್ನು ನೋಡಲಾರದೆ ಕಣ್ಣು ಹಿಂದೆಗೆದಳು.

ಮೂತ್ರಕೋಶದ ಈ ಬಗೆಯ ಕ್ಯಾನ್ಸರಿಗೆ ಕೊಡುವ ಔಷಧವೇ ವಿಚಿತ್ರವಾದದ್ದು. ಕ್ಷಯದ ಕ್ರಿಮಿಯ ನೆಂಟನೊಂದನ್ನು, ಬಲ ಕುಂದಿಸಿ ಆದರೆ ಜೀವ ಉಳಿಸಿ, ವಾರಕ್ಕೊಮ್ಮೆ ಕೊಳವೆಯಲ್ಲಿ ನೇರ ಮೂತ್ರಕೋಶಕ್ಕೆ ಸುರಿಯುತ್ತಾರೆ. ಕ್ಯಾನ್ಸರು ಅಷ್ಟರಲ್ಲಿ ಅಲ್ಲಿನ ಕಾವಲು ಕಣಗಳಿಗೆ ಮಂಕುಬೂದಿ ಎರಚಿರುತ್ತದೆ. ಕೆಲವನ್ನು ಆಳಾಗಿ ಇಟ್ಟುಕೊಂಡು ತನಗೆ ಬೇಕಾದ ರಕ್ತನಾಳಗಳನ್ನು ಕಟ್ಟಿಸಿಕೊಂಡಿರುತ್ತದೆ. ಮನೆ ಕಾಯಬೇಕಾದವನೇ ಕಳ್ಳನಿಗೆ ಬೇಯಿಸಿ ಬಡಿಸಿದ ಹಾಗೆ. ಸುರಿದ ಕ್ರಿಮಿಗಳು ಗದ್ದಲ ಎಬ್ಬಿಸಿದರೆ ಹೊರಗಿನಿಂದ ಹೊಸ ಕಾವಲು ಓಡಿ ಬರುತ್ತದೆ, ಮಲಗಿದ್ದದ್ದು ಏಳುತ್ತದೆ, ಕ್ರಿಮಿಯನ್ನು ಬಡಿಯುವ ಭರದಲ್ಲಿ ಪಕ್ಕದ ಕ್ಯಾನ್ಸರನ್ನೂ ಬಡಿಯುತ್ತದೆ. ಆ ಹೊಡೆದಾಟದ ಸದ್ದು ಹೊರಗೆ ಕೇಳುವುದು ಜ್ವರವಾಗಿ, ಚಳಿಯಾಗಿ, ಉರಿಯಾಗಿ.

"ಈ ಸುತ್ತುಗಳ ಅಂಚು ನೋಡಿ," ಎಂದರು ಡಾಕ್ಟರು. "ಹಳೇ ಗಾಯದ ಥರ ಗಟ್ಟಿಯಾಗಿದೆ. ಹೊಸದು ಒಂದೂ ಇಲ್ಲ. ಮೊದಮೊದಲು ಕ್ರಿಮಿ ಬಂತು, ಇವು ಎದ್ದವು. ಆಮೇಲೆ ಯಾರೂ ಬರಲೇ ಇಲ್ಲ. ಕಾದು ಸಾಕಾಗಿ ಮತ್ತೆ ಕಳ್ಳನ ಅಡುಗೆಮನೆ ಸೇರ್ಕೊಂಡಿವೆ."

ಆ ಮೂತ್ರಕೋಶ ಬಣ್ಣದ ಮೇಸ್ತ್ರಿಯದು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಹುಡುಗನಾಗಿ ಸೇರಿ, ಮೇಸ್ತ್ರಿಯಾಗಿ ಬೆಳೆದು, ಕೊನೆಗೆ ಅದನ್ನೇ ಕೊಂಡವನು. ಹಳೆಯ ಕಾಲದ ಬಣ್ಣಗಳ ಹಬೆ ಕುಡಿದೇ ಈ ರೋಗ ಬಂದದ್ದು ಎಂಬುದು ಮೂತ್ರಕೋಶದ ಸರ್ಜನ್ ಅವರ ಊಹೆ. ಸರ್ಜನ್ ಅಂದು ಮಧ್ಯಾಹ್ನ ತಾವೇ ಕೆಳಗಿಳಿದು ಬಂದರು. ಔಷಧ ಸೋತಿದೆ, ಕ್ಯಾನ್ಸರು ಮರಳಿದೆ, ಸೋಮವಾರ ಬೆಳಿಗ್ಗೆ ಮೂತ್ರಕೋಶವನ್ನೇ ತೆಗೆದುಬಿಡುವುದು ಎಂದು ನಿಶ್ಚಯಿಸಿದ್ದರು. ಆದರೆ ಮೇಸ್ತ್ರಿ ಒಪ್ಪುತ್ತಿಲ್ಲ. ಮೂತ್ರ ತುಂಬುವ ಚೀಲವನ್ನು ಹೊಟ್ಟೆಗೆ ಕಟ್ಟಿಕೊಂಡು ಬದುಕುವುದಕ್ಕಿಂತ ಮನೆಗೆ ಹೋಗಿ ಸಾಯುತ್ತೇನೆ ಎಂದು ಹಟ ಹಿಡಿದಿದ್ದಾನೆ. ಹಾಗೆ ಹೋದರೆ ಹೇಳಿದಂತೆಯೇ ಸಾಯುತ್ತಾನೆ.

ಔಷಧ ಸೋತಿಲ್ಲ, ಯಾರೋ ಅದನ್ನು ಕೊಂದಿದ್ದಾರೆ ಎಂದು ಡಾಕ್ಟರು ಹೇಳಿದಾಗ ಸರ್ಜನ್ ಮುಖ ಬಿಗಿಯಿತು. ಜೀವಂತ ಔಷಧವನ್ನು ತಣ್ಣಗಿಡಬೇಕು, ಬೆಳಕಿಗೆ ಹಿಡಿಯಬಾರದು. ಹಾಗಾದರೆ ಅದು ನರ್ಸಿನ ಕೈತಪ್ಪೇ ಇರಬೇಕು ಎಂದರು. ಅವಳನ್ನು ಇಂದೇ ಮನೆಗೆ ಕಳಿಸುವ ಮಾತೂ ಆಡಿದರು.

"ಸೋಮವಾರದವರೆಗೆ ಯಾರನ್ನೂ ಕಳಿಸಬೇಡಿ, ಏನನ್ನೂ ಕತ್ತರಿಸಬೇಡಿ," ಎಂದರು ಗೂಬೆ ಡಾಕ್ಟರು. "ಕೊಂದವರು ಸಿಕ್ಕಿದರೆ ಮೂತ್ರಕೋಶ ಉಳಿಯುತ್ತೆ. ಸರಿಯಾಗಿ ಕೊಡದ ಔಷಧಕ್ಕೆ ಸೋತಿತು ಅನ್ನೋ ಹಕ್ಕು ನಮಗಿಲ್ಲ."

ಔಷಧ ಹಾಕುವ ಕೋಣೆಯ ನರ್ಸು ದಪ್ಪ ದನಿಯ, ಬಾಯಿಗೆ ಬೀಗವಿಲ್ಲದ ಹೆಂಗಸು. ತನ್ನ ಮೇಲೆ ಅನುಮಾನವಿದೆಯೆಂದು ಅವಳಿಗೆ ಆಗಲೇ ಗಾಳಿಸುದ್ದಿ ಮುಟ್ಟಿತ್ತು. ಅದೇ ಪೆಟ್ಟಿಗೆಯ ಔಷಧವನ್ನು, ಅದೇ ಬೆಳಿಗ್ಗೆ, ಅದೇ ಕೈಯಿಂದ ಇನ್ನೂ ಕೆಲವರಿಗೆ ಹಾಕಿದ್ದೆ ಎಂದಳು. ಅವರೆಲ್ಲ ಜ್ವರದಲ್ಲಿ ನಡುಗುತ್ತ ಫೋನಿನಲ್ಲೇ ಅವಳಿಗೆ ಶಾಪ ಹಾಕಿದ್ದರು.

"ನನ್ನ ಕೈಯೇ ಕೆಟ್ಟದಾಗಿದ್ರೆ ಅವರೆಲ್ಲ ನನ್ನನ್ನ ಹೊಗಳಬೇಕಿತ್ತಲ್ಲ ಸಾರ್? ಮೇಸ್ತ್ರಿ ಒಬ್ರೇ ಹೊಗಳಿದ್ದು. ಮೊದಲೆರಡು ಸಲ ಹಾಸಿಗೆ ಹಿಡಿದಿದ್ರು, ಮೂರನೇ ಸಲದಿಂದ ಏನೂ ಆಗಲೇ ಇಲ್ಲ, ನಿಮ್ಮ ಕೈಗುಣ ಸಿಸ್ಟರ್ ಅಂದ್ರು."

ಮೂರನೆಯ ಸಲದಿಂದಲೇ ಅವನ ಮೂತ್ರ ಕೆಂಪಗೆ ಬರುತ್ತಿದ್ದದ್ದನ್ನೂ ಅವಳು ಗಮನಿಸಿದ್ದಳು. ಈ ಔಷಧಕ್ಕೆ ಸ್ವಲ್ಪ ರಕ್ತ ಹೋಗುವುದು ಮಾಮೂಲು ಎಂದು ಸರ್ಜನ್ ಹೇಳಿದ ಮೇಲೆ ಸುಮ್ಮನಾದಳು. ಇನ್ನೊಂದು ಸಂಗತಿಯೂ ಅವಳ ಹೊಟ್ಟೆಯಲ್ಲಿತ್ತು. ಮೇಸ್ತ್ರಿಯ ಅಳಿಯನದು ಔಷಧದಂಗಡಿ. ಔಷಧದ ದಿನ ಮಾವನನ್ನು ಕಾರಿನಲ್ಲಿ ಕರೆತರುವವನು ಅವನೇ. ಮೊದಲ ಸಲವೇ, ಉರಿಗೆ ನಮ್ಮಂಗಡಿಯಿಂದ ಏನಾದರೂ ಕೊಡುತ್ತೇನೆ ಮಾವ ಎಂದದ್ದನ್ನು ಅವಳು ಕೇಳಿಸಿಕೊಂಡಿದ್ದಳು. ಕಾರ್ಖಾನೆ ಮುಚ್ಚಿ ಜಾಗವನ್ನು ತನ್ನ ಗೋದಾಮಿಗೆ ಬಿಟ್ಟುಕೊಡಿ ಎಂದು ಅವನು ಮಾವನ ಬೆನ್ನು ಬಿದ್ದದ್ದು ವಾರ್ಡಿಗೆಲ್ಲ ಗೊತ್ತಿತ್ತು. ಮೇಲೆ ಅಂಗಳದ ಮಟ್ಟದಲ್ಲಿದ್ದ ವಾರ್ಡಿಗೆ ಮೆಟ್ಟಿಲು ಹತ್ತುವಾಗ ಪದರಕ್ಕನ ಮನಸ್ಸು ಅಳಿಯನ ಕೈಗೆ ಆಗಲೇ ಬೇಡಿ ತೊಡಿಸಿಯಾಗಿತ್ತು.

ವಾರ್ಡಿನ ಬಾಗಿಲಲ್ಲೇ ಕಸ ಗುಡಿಸುವ ಹೆಂಗಸು ತಡೆದಳು. ಮೂಲೆ ಮಂಚದ ದಿಂಬು ನಾನು ಮುಟ್ಟುವುದಿಲ್ಲ, ಆ ಮನುಷ್ಯ ಮನುಷ್ಯರ ಥರ ಅಳುವುದಿಲ್ಲ ಎಂದು ಪಿಸುಗುಟ್ಟಿ ಹೋದಳು.

ದಿಂಬಿನ ಮೇಲೆ ಎರಡು ಕಲೆಗಳಿದ್ದವು. ಮಲಗಿದವನ ಕಣ್ಣಿನ ಕೊನೆಗಳು ಎಲ್ಲಿ ತಾಗುತ್ತವೋ ಸರಿಯಾಗಿ ಅಲ್ಲಿ, ಮಾಗಿದ ಕಿತ್ತಳೆಯ ಬಣ್ಣದಲ್ಲಿ. ಅಂಗಿಯ ಕತ್ತುಪಟ್ಟಿಯ ಸುತ್ತ ಅದೇ ಬಣ್ಣ. ಮೇಸ್ತ್ರಿ ಎದ್ದು ಕೂತಾಗ ಬಿಳಿ ಹಾಸಿನ ಮೇಲೆ ಅವನ ಬೆನ್ನು ತೆಳು ಕಿತ್ತಳೆಯಲ್ಲಿ ಅಚ್ಚಾಗಿ ಉಳಿದಿತ್ತು, ಒಳಗಿನಿಂದ ಇನ್ನೊಬ್ಬ ಮನುಷ್ಯ ಸೋರಿ ಹಾಸಿಗೆಯಲ್ಲಿ ಮಲಗಿದ ಹಾಗೆ.

ಮಂಚದ ಪಕ್ಕ, ತೆರೆದ ಕಿಟಕಿಗೆ ಒತ್ತಿಕೊಂಡು ಅವನ ಅಕ್ಕ ಕೂತಿದ್ದಳು. ತಾಯಿ ಸತ್ತ ಮೇಲೆ ತಮ್ಮನನ್ನು ಎತ್ತಿ ಬೆಳೆಸಿದವಳು, ಈಗಲೂ ಅವನ ಮನೆಯಲ್ಲೇ ಇರುವವಳು. ಕಡ್ಡಿಯಂಥ ಮೈ, ಮೇಲೆ ಶಾಲು. ಚಳಿಗಾಳಿ ಮುಖಕ್ಕೆ ಬಡಿಯುತ್ತಿದ್ದರೂ ಕಿಟಕಿ ಬಿಟ್ಟು ಕದಲಲಿಲ್ಲ. ಕೆಮ್ಮು ಬಂದಾಗಲೆಲ್ಲ ತಲೆಯನ್ನು ಕಿಟಕಿಯಾಚೆ ಹಾಕಿ ಕೆಮ್ಮಿ ಬಂದಳು. ಹಳೇ ಕೆಮ್ಮು, ನಡುವೆ ಹೋಗಿತ್ತು, ಮತ್ತೆ ಬಂದಿದೆ ಎಂದಳು. ಪಕ್ಕದ ಮಂಚದವರ ಮೊಮ್ಮಗು ತೊಡರುತ್ತ ಬಂದು ಮಡಿಲು ಹಿಡಿದರೆ, ಪ್ರೀತಿಯಿಂದಲೇ ಆದರೂ ತೋಳುದ್ದ ದೂರ ತಳ್ಳಿದಳು. ಚಹಾ ಬಂದಾಗ ಚೀಲದಿಂದ ತನ್ನದೇ ಲೋಟ ತೆಗೆದಳು. ಆಮೇಲೆ ಯಾವ ಗಡಿಬಿಡಿಯೂ ಇಲ್ಲದೆ ದಿಂಬನ್ನು ಮಗುಚಿ ಹಾಕಿ, ಕಲೆಯಿಲ್ಲದ ಮಗ್ಗುಲಿಗೆ ತಮ್ಮನ ತಲೆ ಒರಗಿಸಿದಳು. ವಾರ್ಡಿನಲ್ಲಿ ಆ ಬಣ್ಣಕ್ಕೆ ಹೆದರದವಳು ಅವಳೊಬ್ಬಳೇ. ಪದರಕ್ಕನಿಗೆ ಅವಳ ಗುಂಡಿಗೆ ಮೆಚ್ಚುಗೆಯಾಯಿತು.

"ಅಕ್ಕನಿಗೆ ನಾನಿನ್ನೂ ಹಾಲುಹಲ್ಲಿನ ಪುಟ್ಟ," ಎಂದ ಮೇಸ್ತ್ರಿ. "ಮಗಳ ಮದುವೆ ಮಾಡಿ ತಲೆ ಬೋಳಾಯ್ತು, ಈಗಲೂ ದಿನಾ ಬೆಳಿಗ್ಗೆ ಬಾಳೆಹಣ್ಣು ಸುಲಿದು ಬಾಯಿಗೇ ಇಡ್ತಾಳೆ. ಕೈಗೆ ಕೊಟ್ರೆ ಬೀಳಿಸ್ತೀನಂತೆ."

"ಬೀಳಿಸ್ತಿದ್ದೆ," ಎಂದಳು ಅಕ್ಕ. "ಚಿಕ್ಕಂದಿನಲ್ಲಿ ಬೀಳಿಸಿ, ನೆಕ್ಕಿ, ಮತ್ತೆ ತಿಂತಿದ್ದೆ."

ಅವಳು ಲೋಟ ತೊಳೆಯಲು ಎದ್ದು ಹೋದದ್ದೇ ಮೇಸ್ತ್ರಿಯ ಮುಖದಿಂದ ನಗು ಜಾರಿತು. ಅವನು ಡಾಕ್ಟರ ತೋಳು ಹಿಡಿದು ಬಗ್ಗಿಸಿಕೊಂಡ. ಉಗುರುಗಳ ಬುಡದಲ್ಲಿ ಯಾವ ಸಾಬೂನಿಗೂ ಹೋಗದ ನೀಲಿ ಕೂತಿತ್ತು.

"ಬಣ್ಣ ವಾಪಸ್ ಬರ್ತಿದೆ ಡಾಕ್ಟ್ರೇ. ಇಷ್ಟು ವರ್ಷ ಒಳಗೆ ಇಳಿದದ್ದೆಲ್ಲ. ಮೊದಲು ಕಿತ್ತಳೆ ಬಂತು. ಇನ್ನು ಕೆಂಪು, ಕಂದು, ಕೊನೆಗೆ ಕಪ್ಪು ಬರುತ್ತೆ. ಹಂಡೆ ಖಾಲಿಯಾಗೋ ಕ್ರಮ ನನಗೆ ಗೊತ್ತು. ಕಪ್ಪು ಬಂದ ದಿನ ನಾನಿರಲ್ಲ. ನೀವು ಮೂತ್ರಕೋಶ ಕೊಯ್ದರೂ ಅಷ್ಟೇ, ಬಿಟ್ಟರೂ ಅಷ್ಟೇ."

ಅದು ರಕ್ತವಿರಬಹುದಲ್ಲ ಎಂದು ಡಾಕ್ಟರು ಮೆಲ್ಲಗೆ ಕೇಳಿದರು. ಮೇಸ್ತ್ರಿ ಇಲ್ಲವೆಂದು ಅಡ್ಡಡ್ಡ ತಲೆಯಾಡಿಸಿದ. ಬಟ್ಟೆಗೆ ಬಿದ್ದ ರಕ್ತ ಸಂಜೆಯೊಳಗೆ ಕಂದು ತಿರುಗುತ್ತದೆ, ಇದು ಒಣಗಿದರೂ ಕಿತ್ತಳೆಯೇ, ಪಕ್ಕಾ ಬಣ್ಣ ಎಂದ. ಔಷಧ ಶುರುವಾಗಿ ಸ್ವಲ್ಪ ದಿನಕ್ಕೆ ಕಾಣಿಸಿಕೊಂಡದ್ದು ಆಮೇಲೆ ಒಂದು ದಿನವೂ ತಪ್ಪಿಲ್ಲ, ಇಲ್ಲಿಗೆ ಬಂದು ಮಲಗಿದ ಮೇಲೂ. ಸರ್ಜನ್‌ಗೆ ಹೇಳಿದರೆ ತಲೆ ಕೆಟ್ಟಿದೆ ಅಂದುಕೊಂಡಾರು ಎಂದು ಹೇಳಲಿಲ್ಲ.

"ಒಳಗೆ ಸುರಿದ ಔಷಧ ಏನು ಅಂತ ಮನೇಲಿ ಹೇಳಿದ್ರಾ?" ಎಂದು ಡಾಕ್ಟರು ಕೇಳಿದರು.

"ಹೇಗೆ ಹೇಳಲಿ? ನಮ್ಮಮ್ಮ ಹೋಗಿದ್ದೇ ಟಿಬಿಯಲ್ಲಿ. ಆ ಹೆಸರೆತ್ತಿದ್ರೆ ಅಕ್ಕ ಊಟ ಬಿಡ್ತಾಳೆ. ಏನೋ ನೀರಿನಂಥ ಔಷಧ ಅಂದೆ, ಅಷ್ಟೇ."

ಡಾಕ್ಟರು ಸರಕ್ಕನೆ ಎದ್ದು ನಿಂತರು. ಮೆಟ್ಟಿಲಿಳಿಯುವಾಗ ಪದರಕ್ಕ ಅಳಿಯನ ಮಾತೆತ್ತಿದಳು. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಭಾನುವಾರ ಎಲ್ಲರನ್ನೂ ಕೆಳಗೆ ಕರೆಯಿರಿ, ಬಿಳಿ ಬಟ್ಟೆಯ ಚೌಕಗಳನ್ನು ಕತ್ತರಿಸಿಡಿ ಎಂದಷ್ಟೇ ಹೇಳಿದರು.

ಭಾನುವಾರ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹೆಜ್ಜೆ ಸದ್ದೂ ಇರಲಿಲ್ಲ. ಗಾಜಿನ ಜಾಡಿಗಳಲ್ಲಿ ತೇಲುವ ಮೂತ್ರಪಿಂಡ, ಗುಂಡಿಗೆಗಳ ನಡುವೆ ಐದು ಕುರ್ಚಿಗಳನ್ನು ಹಾಕಿದ್ದರು. ಸರ್ಜನ್ ಗಡಿಯಾರ ನೋಡಿಕೊಳ್ಳುತ್ತಿದ್ದರು. ನರ್ಸು ಕೈಕಟ್ಟಿ ಕೂತಿದ್ದಳು. ಅಳಿಯ, ಇದೆಂಥ ಜಾಗಕ್ಕೆ ಕರೆದಿರಿ ಎಂದು ಗೊಣಗಿದ. ಮೇಸ್ತ್ರಿ ಜಾಡಿಗಳನ್ನು ಒಂದೊಂದಾಗಿ ನೋಡುತ್ತ, ತನ್ನದಕ್ಕೆ ಯಾವ ಕಪಾಟು ಎಂದು ಲೆಕ್ಕ ಹಾಕುವವನಂತೆ ಕೂತಿದ್ದ. ಅಕ್ಕ ಬಾಗಿಲ ಹತ್ತಿರದ ಕುರ್ಚಿಯನ್ನು ಇನ್ನಷ್ಟು ಬಾಗಿಲಿಗೆ ಎಳೆದುಕೊಂಡಳು.

ಡಾಕ್ಟರು ದೊಡ್ಡ ಜಾಡಿಯೊಂದರ ಮುಚ್ಚಳ ತೆಗೆದರು. ಮಾಂಸ ಕೆಡದಂತೆ ಇಡುವ ಫಾರ್ಮಲಿನ್ನಿನ ಘಾಟು ಎದ್ದು ಎಲ್ಲರ ಕಣ್ಣಲ್ಲೂ ನೀರು ತುಂಬಿತು. ಪದರಕ್ಕ ಒಬ್ಬೊಬ್ಬರಿಗೆ ಒಂದು ಬಿಳಿ ಚೌಕ ಹಂಚಿದಳು. ಒರೆಸಿಕೊಂಡ ಮೇಲೆ ಡಾಕ್ಟರು ಮುಚ್ಚಳ ಹಾಕಿ, ಬಟ್ಟೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು. ನಾಲ್ಕು ಬಿಳಿಯಾಗಿದ್ದವು. ಮೇಸ್ತ್ರಿಯದು ಮಾತ್ರ ಕಿತ್ತಳೆ.

"ಮೇಸ್ತ್ರಿಗಳೇ, ನಿಮ್ಮೊಳಗೆ ಹಂಡೆ ಇಲ್ಲ," ಎಂದರು ಅವರು. "ಕ್ಷಯಕ್ಕೆ ಕೊಡೋ ಮಾತ್ರೆಗಳಲ್ಲಿ ಒಂದಿದೆ. ಅದನ್ನ ನುಂಗಿದವರ ಮೂತ್ರ, ಬೆವರು, ಕಣ್ಣೀರು ಎಲ್ಲ ಈ ಬಣ್ಣಕ್ಕೆ ತಿರುಗುತ್ತೆ. ಅದರಿಂದ ಕೆಡುಕಿಲ್ಲ. ಆದ್ರೆ ನಿಮ್ಮ ಮೂತ್ರಕೋಶಕ್ಕೆ ನಾವು ಸುರಿದದ್ದು ಕ್ಷಯದ ಕ್ರಿಮಿಯ ಬಡ ನೆಂಟನನ್ನ. ಸಿಸ್ಟರ್ ಜೀವಂತವಾಗಿ ಸುರಿದರು. ಅಲ್ಲಿ ಆಗಲೇ ತುಂಬಿದ್ದ ಮಾತ್ರೆಯ ಸಾರ ಅದನ್ನ ಕಾವಲಿನ ಕಣ್ಣಿಗೆ ಬೀಳೋ ಮುಂಚೆ ಕೊಂದುಹಾಕ್ತು. ಅದಕ್ಕೇ ಜ್ವರ ಬರಲಿಲ್ಲ. ನಾವು ಅದನ್ನ ಕೈಗುಣ ಅಂದ್ಕೊಂಡ್ವಿ."

ಎಲ್ಲರ ಕಣ್ಣೂ ಅಳಿಯನ ಕಡೆ ತಿರುಗಿದವು. ಅವನು ಕುರ್ಚಿಯಿಂದ ಅರ್ಧ ಎದ್ದ. ತಾನು ಕೊಟ್ಟದ್ದು ಒಂದು ಬಾಟಲಿ ಬಾರ್ಲಿ ನೀರು, ಅದನ್ನೂ ಮಾವ ಕುಡಿಯದೆ ಚೆಲ್ಲಿದರು ಎಂದು ತೊದಲಿದ.

ಅವನಲ್ಲ ಎಂದರು ಡಾಕ್ಟರು. ಮಾತ್ರೆ ಮಾರುವವನಿಗೆ ಯಾವುದು ಬಣ್ಣ ಬಿಡುತ್ತದೆ ಎಂಬುದು ಗೊತ್ತಿರುತ್ತದೆ. ಕದ್ದು ಕೊಡಬೇಕೆಂದಿದ್ದರೆ ಬಣ್ಣವಿಲ್ಲದ್ದನ್ನು ಆರಿಸುತ್ತಿದ್ದ. ಕಳ್ಳತನಕ್ಕೆ ಹೊರಟವನು ಕಾಲಿಗೆ ಗೆಜ್ಜೆ ಕಟ್ಟಿಕೊಳ್ಳುವುದಿಲ್ಲ. ಅದೂ ಅಲ್ಲದೆ ಅವನು ಬರುವುದು ಔಷಧದ ದಿನ ಮಾತ್ರ, ಕಲೆ ಒಂದು ದಿನವೂ ತಪ್ಪಿಲ್ಲ. ದಿನವೂ ಜೊತೆಗಿರುವವರು, ದಿನವೂ ಬಾಯಿಗೇ ಏನನ್ನೋ ಇಡುವವರು, ಆಸ್ಪತ್ರೆಗೂ ಜೊತೆಗೇ ಬಂದವರು ಒಬ್ಬರೇ.

"ಆದ್ರೆ ಮಾತ್ರೆ ಅವರಿಗೆಲ್ಲಿಂದ ಬಂತು? ತೆರೆದ ಕಿಟಕಿ, ಬೇರೆ ಲೋಟ, ಮಗೂನ ದೂರ ತಳ್ಳೋದು, ಇದೆಲ್ಲ ಸುಮ್ಮನೆ ಬರೋ ಅಭ್ಯಾಸ ಅಲ್ಲ. ಎದೆ ರೋಗದ ಆಸ್ಪತ್ರೇಲಿ ಕಲಿಸ್ತಾರೆ. ವಾರ್ಡೆಲ್ಲ ಹೆದರಿದ ಬಣ್ಣಕ್ಕೆ ಅವರೊಬ್ಬರು ಹೆದರಲಿಲ್ಲ, ಯಾಕಂದ್ರೆ ಆ ಬಣ್ಣ ತಮ್ಮ ದಿಂಬಿನ ಮೇಲೇ ನೋಡಿದ್ರು. ಇಲ್ಲಿ ಎರಡು ಬಟ್ಟೆ ಕಿತ್ತಳೆ ಆಗಬೇಕಿತ್ತು. ಆಗಿರೋದು ಒಂದೇ." ಅವರು ಬಾಗಿಲ ಕಡೆ ತಿರುಗಿ ದನಿ ತಗ್ಗಿಸಿದರು. "ನಿಮ್ಮ ಬಟ್ಟೆ ಬೆಳ್ಳಗಿದೆಯಲ್ಲ ಅಮ್ಮ. ಎಷ್ಟು ದಿನದಿಂದ ನೀವು ನುಂಗಿಲ್ಲ?"

ಅಕ್ಕ ಶಾಲು ಎಳೆದುಕೊಂಡು ತಮ್ಮನ ಕಡೆ ತಿರುಗಿದಳು. ಹೇಳಿದ್ದನ್ನೆಲ್ಲ ಅವನಿಗೇ ಹೇಳಿದಳು. ಬೇರೆ ಯಾರೂ ಕೋಣೆಯಲ್ಲಿಲ್ಲವೇನೋ ಎಂಬಂತೆ.

"ಅಮ್ಮನ ರೋಗ ನನಗೆ ಬಂತು ಪುಟ್ಟ. ಹೇಳಿದ್ರೆ ನನ್ನನ್ನ ಬೇರೆ ಕಡೆ ಇಡ್ತಾರೆ, ನಿನ್ನ ನೋಡ್ಕೊಳ್ಳೋರು ಯಾರು ಅಂತ ಸುಮ್ಮನಿದ್ದೆ. ಮಾತ್ರೆ ತಗೊಂಡೆ, ಕೆಮ್ಮು ಹೋಯ್ತು. ಅಷ್ಟರಲ್ಲಿ ನಿನಗೆ ಜ್ವರ ಬಂತು. ರಾತ್ರಿ ಬೆವೆತೆ, ನಡುಗಿದೆ. ಅಮ್ಮ ಹೀಗೇ ನಡುಗ್ತಿದ್ದಳು. ನನ್ನಿಂದ ನಿನಗೆ ಅಂಟ್ತು ಅಂದ್ಕೊಂಡೆ. ಎದೆ ಆಸ್ಪತ್ರೆಯವರು ಕೊಡೋದು ಒಬ್ಬರಿಗಾಗೋಷ್ಟು. ಹಣ್ಣಲ್ಲಿಟ್ಟು ನಿನಗೆ ಕೊಟ್ಟೆ. ಮರುದಿನವೇ ನಿನ್ನ ಜ್ವರ ಬಿಟ್ಟಿತು. ನಾನು ಸರಿಯಾಗೇ ಮಾಡಿದೀನಿ ಅಂದ್ಕೊಂಡೆ."

ಆ ಜ್ವರ ಔಷಧದ ದಿನದ ಮರುದಿನವೇ ತಾನಾಗಿ ಬಿಡುವಂಥದ್ದು, ಅದೇ ಅವನ ಔಷಧ ಕೆಲಸ ಮಾಡುತ್ತಿದ್ದ ಗುರುತು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ತಮ್ಮ ಅಕ್ಕನಿಗೆ ಹೆದರಿಕೆಯಾಗಬಾರದೆಂದು ಒಂದು ಹೆಸರು ಮುಚ್ಚಿಟ್ಟಿದ್ದ. ಅಕ್ಕ ತಮ್ಮನಿಗೆ ಹೆದರಿಕೆಯಾಗಬಾರದೆಂದು ಅದೇ ಹೆಸರನ್ನು ಮುಚ್ಚಿಟ್ಟಿದ್ದಳು. ಒಂದೇ ಸೂರಿನಡಿ ಎರಡು ಗುಟ್ಟುಗಳು ಮೌನವಾಗಿ ನಡೆದುಬಂದು ಅವನ ಮೂತ್ರಕೋಶದ ಕತ್ತಲಲ್ಲಿ ಒಂದನ್ನೊಂದು ಕೊಂದಿದ್ದವು. ನರ್ಸು ಮುಖ ಆ ಕಡೆ ತಿರುಗಿಸಿಕೊಂಡಳು.

"ನೀನು ಸಾಯ್ತಿದ್ದೆಯಲ್ಲ ಅಕ್ಕ," ಎಂದ ಮೇಸ್ತ್ರಿ.

"ನಿನಗೆ ಜ್ವರ ಬಂದಿತ್ತಲ್ಲ," ಎಂದಳು ಅವಳು, ಅಷ್ಟು ಸರಳವಾದದ್ದನ್ನೂ ವಿವರಿಸಬೇಕೇ ಎಂಬಂತೆ.

ಮನೆಯಲ್ಲಿ ಯಾರಿಗಾದರೂ ಕ್ಷಯವಿದೆಯೇ ಎಂದು ಮೇಸ್ತ್ರಿಯನ್ನು ಕೇಳಿದ್ದೆ, ಅಕ್ಕನನ್ನೇ ಕರೆದು ಕೇಳಬೇಕಿತ್ತು ಎಂದು ಸರ್ಜನ್ ತಗ್ಗಿದ ದನಿಯಲ್ಲಿ ಒಪ್ಪಿಕೊಂಡರು. ಕೆಂಪನ್ನು ರಕ್ತವೆಂದು ತೀರ್ಮಾನಿಸುವ ಮುಂಚೆ ಪರೀಕ್ಷೆಗೆ ಕಳಿಸಬೇಕಿತ್ತು ಎಂದೂ ಹೇಳಿದರು. ಸೋಮವಾರದ ಶಸ್ತ್ರಚಿಕಿತ್ಸೆ ರದ್ದಾಯಿತು. ಆದರೆ ಗೂಬೆ ಡಾಕ್ಟರು ಯಾರಿಗೂ ಸಿಹಿ ಹಂಚಲಿಲ್ಲ. ಕ್ಯಾನ್ಸರು ಇನ್ನೂ ಗೋಡೆಯ ಮೇಲ್ಪದರದಲ್ಲೇ ಇದೆ, ಮಾಂಸಕ್ಕಿಳಿದಿಲ್ಲ, ಮತ್ತೊಮ್ಮೆ ಯತ್ನಿಸಲು ಅಷ್ಟು ಸಮಯವಿದೆ. ಈ ಸಲವೂ ಕಾವಲು ಏಳದಿದ್ದರೆ ಕತ್ತಿಯೇ ಗತಿ ಎಂದರು. ಅಕ್ಕನ ಕೆಮ್ಮಿನ ಕ್ರಿಮಿ, ಅರ್ಧಕ್ಕೆ ಬಿಟ್ಟ ಮಾತ್ರೆಗೆ ಇನ್ನೂ ಬಗ್ಗುತ್ತದೆಯೋ ಇಲ್ಲವೋ ಎಂಬುದನ್ನೂ ನೋಡಬೇಕಿತ್ತು.

ಬಗ್ಗಿತು. ಮೇಸ್ತ್ರಿಯ ಎದೆ ಶುದ್ಧವಾಗಿದೆ ಎಂದು ಖಚಿತಪಡಿಸಿಕೊಂಡು, ಮೈಯಿಂದ ಕಿತ್ತಳೆಯೆಲ್ಲ ಇಳಿದುಹೋಗುವವರೆಗೆ ಕಾದು, ನರ್ಸು ಮತ್ತೆ ಜೀವಂತ ಕ್ರಿಮಿಗಳನ್ನು ಸುರಿದಳು. ಅಂದು ಇಳಿಹೊತ್ತಿಗೆ ಡಾಕ್ಟರು ಕುರ್ಚಿಯಲ್ಲಿ ಕೂರಲಾರದೆ ಕೂತಿದ್ದರು. ಹೋಗಿ ನೋಡಿಬನ್ನಿ ಪದರಕ್ಕ, ನಾನು ಹೋದರೆ ಗೂಬೆ ಹೊಕ್ಕಿತು ಅಂತಾರೆ ಎಂದರು.

ಅವಳು ಮೇಲೆ ಹೋದಾಗ ಮೇಸ್ತ್ರಿ ಮೂರು ಕಂಬಳಿಗಳ ಕೆಳಗೆ ನಡುಗುತ್ತಿದ್ದ. ಆಸ್ಪತ್ರೆಯನ್ನೂ ಅದನ್ನು ಕಟ್ಟಿದವರನ್ನೂ ಹಲ್ಲು ಕಟಕಟಿಸುತ್ತ ಬಯ್ಯುತ್ತಿದ್ದ. ನರ್ಸು ಜ್ವರ ನೋಡಿ, ಮದುವೆ ಗೊತ್ತಾದವಳ ಹಾಗೆ ಬೀಗುತ್ತಿದ್ದಳು. ಕಿಟಕಿಯ ಗಾಜಿನಾಚೆ, ಅಂಗಳದ ಬೆಂಚಿನ ಮೇಲೆ, ಮೂಗುಬಾಯಿ ಮುಚ್ಚಿಕೊಂಡು ಅಕ್ಕ ಕೂತಿದ್ದಳು. ಕೆಮ್ಮು ಅಂಟುವ ದಿನಗಳು ಮುಗಿಯುವವರೆಗೆ ಅಷ್ಟೇ ದೂರದಿಂದ ನೋಡಲು ಅಪ್ಪಣೆ.

"ಅಕ್ಕಾ," ಎಂದು ನರಳಿದ ಮೇಸ್ತ್ರಿ, ಜ್ವರದ ಮಂಪರಿನಲ್ಲಿ.

ಅವಳು ಎದ್ದಳು. ಗಾಜಿನ ಹತ್ತಿರ ಬಂದು ಅಂಗೈ ಒತ್ತಿ ನಿಂತಳು. ಒಳಗೆ ಕಂಬಳಿಗಳು ಅದುರುವುದನ್ನು ನೋಡಿದಳು. ಪದರಕ್ಕ ತಡೆಯಲೆಂದು ಒಂದು ಹೆಜ್ಜೆ ಮುಂದಿಟ್ಟಳು, ಬೇಕಾಗಲಿಲ್ಲ. ಅಕ್ಕ ಹಿಂದೆ ಸರಿದು ಬೆಂಚಿಗೆ ಮರಳಿ, ಶಾಲಿನ ತುದಿಯ ಗಂಟು ಬಿಚ್ಚಿ, ಅಂದಿನ ಮಾತ್ರೆಯನ್ನು ತಾನೇ ನುಂಗಿದಳು. ತಮ್ಮ ಮತ್ತೊಮ್ಮೆ ಕರೆದ. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು, ಅಲ್ಲಾಡದೆ ಕೂತಳು.